ಇಬ್ಬರೂ ಒಪ್ಪಿ ಬೇರೆಯಾಗುವಾಗ

ಛಾಪಾ ಕಾಗದದ ಮೇಲೆ ‘ಇಂದಿನಿಂದ ನಮ್ಮಿಬ್ಬರಿಗೂ ಗಂಡ-ಹೆಂಡಿರ ಸಂಬಂಧ ಇರುವುದಿಲ್ಲ’ ಎಂದು ಬರೆಸಿ, ಊರಿನ ನಾಲ್ಕು ಹಿರಿಯರ ಸಾಕ್ಷಿ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿಕೊಂಡರೆ ವಿಚ್ಛೇದನ ಆಗಿಹೋಯಿತು ಎಂದು ನಂಬಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಆ ಕಾಗದದಿಂದ ವಿಚ್ಛೇದನ ಆಗುವುದಿಲ್ಲ. ಅದನ್ನೇ ನಂಬಿ ಇಬ್ಬರಲ್ಲಿ ಒಬ್ಬರು ಇನ್ನೊಂದು ಮದುವೆ ಮಾಡಿಕೊಂಡರೆ ಆ ಮದುವೆಯೇ ಅಸಿಂಧು. ಮೇಲೆ, ಮೊದಲ ಮದುವೆ ಇರುವಾಗಲೇ ಎರಡನೆಯದನ್ನು ಮಾಡಿಕೊಂಡ ಅಪರಾಧಕ್ಕೆ ಏಳು ವರ್ಷದವರೆಗೂ ಜೈಲು ಶಿಕ್ಷೆ ಇದೆ. ಮದುವೆಯ ಪತ್ರವನ್ನಾಗಲಿ ವಿಚ್ಛೇದನದ ಪತ್ರವನ್ನಾಗಲಿ ಮಾಡಿಕೊಡುವ ಅಧಿಕಾರ ನೋಟರಿಗಳಿಗೆ ಇಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆದುಕೊಡುವ ಪದ್ಧತಿ ಇತ್ತು. ಇಂಥ ರೂಢಿಗಳನ್ನು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 29 ಅಳಿಸಿಹಾಕಿಲ್ಲ, ನಿಜ. ಆದರೆ ನಮ್ಮ ಸಮುದಾಯದಲ್ಲಿ ಈ ರೂಢಿ ತಲೆತಲಾಂತರದಿಂದ ತಪ್ಪದೆ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ತೋರಿಸುವ ಹೊಣೆ ಅದನ್ನು ಹೇಳಿಕೊಳ್ಳುವವರದ್ದೇ. ಮುಂದೊಂದು ದಿನ ಆಸ್ತಿಯ ತಕರಾರು ಬಂದಾಗಲೋ ಪಿಂಚಣಿಯ ಪ್ರಶ್ನೆ ಎದ್ದಾಗಲೋ ಅದನ್ನು ಸಾಬೀತು ಮಾಡಲು ಒದ್ದಾಡುವುದಕ್ಕಿಂತ ಈಗಲೇ ಕೋರ್ಟಿನ ಡಿಕ್ರಿ ಪಡೆಯುವುದು ಎಷ್ಟೋ ಸುಲಭ. ಇಬ್ಬರಿಗೂ ಒಪ್ಪಿಗೆ ಇದ್ದರಂತೂ ಆ ದಾರಿ ಜನ ಹೆದರುವಷ್ಟು ಕಷ್ಟದ್ದಲ್ಲ.

ಕಾನೂನು ಕೇಳುವುದೇನು?

1955ರ ಹಿಂದೂ ವಿವಾಹ ಕಾಯ್ದೆ ಬಂದಾಗ ಅದರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಇರಲಿಲ್ಲ. ವ್ಯಭಿಚಾರದಂಥ ಏನಾದರೊಂದು ತಪ್ಪನ್ನು ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಿ ಸಾಬೀತು ಮಾಡಬೇಕಿತ್ತು. 1976ರ ತಿದ್ದುಪಡಿಯಲ್ಲಿ ಸೆಕ್ಷನ್ 13ಬಿ ಸೇರಿಕೊಂಡಿತು. ವಕೀಲರೂ ಕಕ್ಷಿದಾರರೂ ‘ಮ್ಯೂಚುವಲ್’ ಎಂದು ಕರೆಯುವುದು ಇದನ್ನೇ. ಹಿಂದೂಗಳ ಜೊತೆಗೆ ಜೈನರು, ಬೌದ್ಧರು, ಸಿಖ್ಖರಿಗೂ ಇದೇ ಕಾಯ್ದೆ. ಬೇರೆ ಬೇರೆ ಧರ್ಮದವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದರೆ ಅವರಿಗೆ 1954ರ ವಿಶೇಷ ವಿವಾಹ ಕಾಯ್ದೆಯ ಸೆಕ್ಷನ್ 28 ಅನ್ವಯಿಸುತ್ತದೆ. ಎರಡರ ಕ್ರಮವೂ ಹೆಚ್ಚುಕಡಿಮೆ ಒಂದೇ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ ಸೆಕ್ಷನ್ 10ಎ ಇದ್ದು, ಅದು 2001ರಲ್ಲಿ ಸೇರಿದ್ದು. ಅದರಲ್ಲಿ ಎರಡು ವರ್ಷ ಬೇರೆಯಾಗಿರಬೇಕು ಎಂದಿದ್ದರೂ, ಕೇರಳ ಹೈಕೋರ್ಟಿನ ನಂತರ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಒಂದು ವರ್ಷ ಎಂದೇ ಓದಿಕೊಳ್ಳಬೇಕೆಂದು ಹೇಳಿದೆ. ಮುಸ್ಲಿಂ ದಂಪತಿಗಳು ಇಬ್ಬರ ಒಪ್ಪಿಗೆಯಿಂದ ಬೇರೆಯಾಗುವ ಕ್ರಮ ಮುಬಾರತ್. ಆ ಒಪ್ಪಂದವನ್ನು ಕೌಟುಂಬಿಕ ನ್ಯಾಯಾಲಯದ ಮುಂದಿಟ್ಟು ಘೋಷಣೆ ಪಡೆದುಕೊಂಡರೆ ಮುಂದಿನ ವ್ಯವಹಾರಕ್ಕೆ ಗಟ್ಟಿ ದಾಖಲೆ ಸಿಗುತ್ತದೆ.

13ಬಿ ಕೇಳುವುದು ಮೂರೇ ಸಂಗತಿ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇರೆಯಾಗಿ ಬದುಕಿರಬೇಕು, ಮತ್ತೆ ಕೂಡಿ ಬಾಳಲು ಆಗಿಲ್ಲ ಎನ್ನಬೇಕು, ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು. ಯಾರದು ತಪ್ಪು ಎಂಬ ಪ್ರಶ್ನೆಯೇ ಏಳುವುದಿಲ್ಲ. ಗಂಡ ಕುಡಿಯುತ್ತಿದ್ದನೆ, ಅತ್ತೆ ಸೊಸೆಗೆ ಆಗಿಬರಲಿಲ್ಲವೆ, ಇಬ್ಬರ ಮನಸ್ಸೂ ಸುಮ್ಮನೆ ದೂರವಾಯಿತೆ ಎಂಬುದನ್ನೆಲ್ಲ ಅರ್ಜಿಯಲ್ಲಿ ಬರೆಯಬೇಕಾದ ಅಗತ್ಯವೂ ಇಲ್ಲ. ನನ್ನ ಮಟ್ಟಿಗೆ ಈ ಸೆಕ್ಷನ್ನಿನ ದೊಡ್ಡ ಉಪಕಾರ ಇದೇ. ‘ಭಿನ್ನಾಭಿಪ್ರಾಯಗಳಿಂದ ಕೂಡಿ ಬಾಳಲು ಸಾಧ್ಯವಾಗಿಲ್ಲ’ ಎಂಬ ಒಂದು ಸಾಲು ಸಾಕು. ಸಿಟ್ಟಿನಲ್ಲಿ ನಾಲ್ಕು ಪುಟ ದೂರು ಬರೆಸಲು ಹೊರಟವರನ್ನು ಅನುಭವಸ್ಥ ವಕೀಲರೇ ತಡೆಯುತ್ತಾರೆ. ಮಗು ದೊಡ್ಡದಾದ ಮೇಲೆ ಆ ಕಾಗದವನ್ನು ಓದಬಹುದು.

‘ಬೇರೆಯಾಗಿ’ ಎಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಒಂದೇ ಸೂರಿನಡಿ ಇದ್ದರೂ ಗಂಡ-ಹೆಂಡಿರಾಗಿ ಬದುಕುತ್ತಿಲ್ಲವಾದರೆ ಅದೂ ಬೇರೆಯಾಗಿರುವುದೇ. ಬೆಂಗಳೂರಿನಂಥ ಊರಿನಲ್ಲಿ ಎರಡು ಮನೆ ಬಾಡಿಗೆ ಕಟ್ಟಲಾಗದೆ ಒಂದೊಂದು ಕೋಣೆಯಲ್ಲಿ ದಿನ ದೂಡುವವರಿಗೆ ಈ ಮಾತು ದೊಡ್ಡ ಆಸರೆ. ಅದೇ ತೀರ್ಪಿನ ಇನ್ನೊಂದು ಮಾತೂ ಅಷ್ಟೇ ಮುಖ್ಯ: ಒಪ್ಪಿಗೆ ಡಿಕ್ರಿ ಆಗುವ ಗಳಿಗೆಯವರೆಗೂ ಇರಬೇಕು, ನಡುವೆ ಯಾರೊಬ್ಬರು ಬೇಕಾದರೂ ಹಿಂದೆಗೆಯಬಹುದು.

ಒಪ್ಪಂದ ಪತ್ರ

ಕೋರ್ಟಿನಲ್ಲಿ ನಡೆಯುವುದು ಸ್ವಲ್ಪ. ಅದಕ್ಕೆ ಮೊದಲು ಇಬ್ಬರೂ ಕೂತು ಬರೆದುಕೊಳ್ಳುವ ಒಪ್ಪಂದವೇ ಈ ವಿಚ್ಛೇದನದ ಜೀವ. ಡಿಕ್ರಿಯಾದ ಮೇಲೂ ಜಗಳ ಮುಗಿಯದ ಮನೆಗಳನ್ನು ನೋಡಿದರೆ, ಕಾರಣ ಹೆಚ್ಚಿನಂಶ ಆ ಪತ್ರದ ಯಾವುದೋ ಒಂದು ಮಸುಕಾದ ಸಾಲಿನಲ್ಲಿ ಸಿಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಮೊದಲು ಮಕ್ಕಳ ವಿಚಾರ. ‘ಮಗು ತಾಯಿಯ ಬಳಿ ಇರತಕ್ಕದ್ದು, ಪರಸ್ಪರ ಅನುಕೂಲ ನೋಡಿಕೊಂಡು ತಂದೆ ಭೇಟಿ ಮಾಡತಕ್ಕದ್ದು’ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಡೆಸಲು ಆಗುವುದಿಲ್ಲ. ಒಬ್ಬರ ಅನುಕೂಲ ಇನ್ನೊಬ್ಬರ ಅನಾನುಕೂಲವಾಗುವ ಮೊದಲ ಭಾನುವಾರವೇ ತಕರಾರು ಶುರು. ಅದರ ಬದಲು ಹೀಗೆ ಬರೆಯಬಹುದು: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆಯು ತಾಯಿಯ ಮನೆಯಿಂದ ಮಗುವನ್ನು ಕರೆದೊಯ್ದು ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದುಬಿಡುವುದು. ದಸರಾ ರಜೆಯ ಮೊದಲರ್ಧ ತಾಯಿಯ ಜೊತೆ, ಉಳಿದರ್ಧ ತಂದೆಯ ಜೊತೆ. ಬೇಸಿಗೆ ರಜೆಯಲ್ಲಿ ಮೂರು ವಾರ ತಂದೆಯ ಜೊತೆ.’ ಬುಧವಾರ ಸಂಜೆ ವಿಡಿಯೊ ಕರೆ ಎಂದಿದ್ದರೆ ಅದನ್ನೂ ಸೇರಿಸಿ. ಶಾಲೆಯ ಶುಲ್ಕ ಯಾರದು, ಪುಸ್ತಕ, ಸಮವಸ್ತ್ರ, ವ್ಯಾನ್ ಬಾಡಿಗೆ ಯಾರದು, ಆಸ್ಪತ್ರೆಯ ದೊಡ್ಡ ಖರ್ಚು ಬಂದರೆ ಹೇಗೆ, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕಿಕೊಡುವುದು ಹೇಗೆ, ಎಲ್ಲ ಬರಲಿ. ಮಗುವಿನ ಖರ್ಚು ವರ್ಷವರ್ಷಕ್ಕೂ ಏರುತ್ತದೆ. ಹಾಗಾಗಿ ತಿಂಗಳ ಮೊತ್ತ ವರ್ಷಕ್ಕೆ ಶೇಕಡ ಇಷ್ಟು ಹೆಚ್ಚಾಗಬೇಕು ಎಂದೂ ಬರೆಯಿರಿ.

ಒಂದು ವಿಷಯದಲ್ಲಿ ತಂದೆ-ತಾಯಿ ಇಬ್ಬರ ಕೈಯೂ ಕಟ್ಟಿದೆ. ‘ಮಗುವಿಗೆ ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಅದು ಮಗುವಿನ ಹಕ್ಕನ್ನು ಕಳೆಯುವುದಿಲ್ಲ. ಜೀವನಾಂಶದ ಆ ಹಕ್ಕು ಮಗುವಿನದೇ. ಮಕ್ಕಳ ಪಾಲನೆಯ ಬಗ್ಗೆ ಆದ ಆದೇಶವನ್ನು ಪರಿಸ್ಥಿತಿ ಬದಲಾದಾಗ ತಿದ್ದಲು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಲ್ಲಿ ಅವಕಾಶವಿದೆ.

ಇನ್ನು ಹೆಂಡತಿಯ ಜೀವನಾಂಶ. ಇದು ಇಡಿಗಂಟೋ ತಿಂಗಳು ತಿಂಗಳೋ ಎಂಬುದು ಇಬ್ಬರಿಗೂ ಬಿಟ್ಟದ್ದು. ಇಂತಿಷ್ಟೇ ಎಂಬ ಲೆಕ್ಕ ಕಾಯ್ದೆಯಲ್ಲಿಲ್ಲ. ಸಂಬಳದ ಮೂರನೇ ಒಂದು, ನಾಲ್ಕನೇ ಒಂದು ಎಂದು ಜನ ಹೇಳುವುದೆಲ್ಲ ಅಂದಾಜು. ಇಬ್ಬರ ಆದಾಯ, ಹೊಣೆ, ವಯಸ್ಸು, ಆರೋಗ್ಯ, ಮದುವೆಯಾಗಿ ಎಷ್ಟು ವರ್ಷ, ಹೆಂಡತಿ ಕೆಲಸ ಬಿಟ್ಟು ಮನೆ ನೋಡಿಕೊಂಡಿದ್ದಳೆ, ಇವನ್ನೆಲ್ಲ ತೂಗಿ ನೋಡುವುದು ರೂಢಿ. ಜೀವನಾಂಶದ ದಾವೆಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಒಂದು ನಮೂನೆಯನ್ನೇ ಕೊಟ್ಟಿದೆ. ಮಾತುಕತೆಗೆ ಕೂರುವ ಮೊದಲು ನೀವಿಬ್ಬರೂ ಆ ನಮೂನೆ ತುಂಬಿ ಪರಸ್ಪರ ಕೊಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಎದುರಿನವರ ಆದಾಯ ಗೊತ್ತಿಲ್ಲದೆ ಒಪ್ಪಿದ ಮೊತ್ತ ಮುಂದೆ ಕೊರೆಯುತ್ತಲೇ ಇರುತ್ತದೆ. ಮೊತ್ತ ಏನೇ ಇರಲಿ, ಇದು ಅಂತಿಮವೋ ಅಲ್ಲವೋ ಎಂದು ಸ್ಪಷ್ಟವಾಗಿರಬೇಕು. ಏಕೆಂದರೆ ಸೆಕ್ಷನ್ 25ರಡಿ ಶಾಶ್ವತ ಜೀವನಾಂಶವನ್ನು ಡಿಕ್ರಿಯ ಹೊತ್ತಿನಲ್ಲಷ್ಟೇ ಅಲ್ಲ, ಆನಂತರವೂ ಕೇಳಲು ಅವಕಾಶವಿದೆ.

ಒಡವೆಯ ವಿಷಯಕ್ಕೆ ಬಂದರೆ, ತವರಿನವರು, ನೆಂಟರು, ಅತ್ತೆ ಮನೆಯವರು ಮದುವೆಯಲ್ಲಿ ಆಕೆಗೆಂದು ಕೊಟ್ಟದ್ದು ಸ್ತ್ರೀಧನ, ಅದು ಆಕೆಯದೇ. ಜೀವನಾಂಶದ ಮೊತ್ತದಲ್ಲಿ ಅದನ್ನು ಸೇರಿಸಿ ‘ಇಷ್ಟು ಕೊಟ್ಟಿದ್ದೇವೆ’ ಎಂದು ಲೆಕ್ಕ ತೋರಿಸುವುದು ಸರಿಯಲ್ಲ. ಪಟ್ಟಿ ಮಾಡುವಾಗ ‘ಚಿನ್ನಾಭರಣಗಳನ್ನು ಹಿಂದಿರುಗಿಸಲಾಗಿದೆ’ ಎಂದು ಒಂದೇ ಸಾಲು ಬರೆಯಬೇಡಿ. ಮಾಂಗಲ್ಯದ ಸರ ಎಷ್ಟು ಗ್ರಾಂ, ಬಳೆ ಎಷ್ಟು ಜೊತೆ, ಬೆಳ್ಳಿ ದೀಪದ ಕಂಬ, ತಟ್ಟೆ, ಚೊಂಬು, ಮದುವೆಯ ರೇಷ್ಮೆ ಸೀರೆ ಎಷ್ಟು, ಯಾವ ಬ್ಯಾಂಕಿನ ಲಾಕರಿನಲ್ಲಿವೆ, ಯಾವ ದಿನ ಯಾರ ಎದುರು ಕೈ ಬದಲಾಗುತ್ತವೆ ಎಂದು ಒಂದೊಂದಾಗಿ ಬರಲಿ. ಪಟ್ಟಿಯ ಕೆಳಗೆ ‘ಮುಟ್ಟಿದೆ’ ಎಂಬ ಸಹಿ ಬೀಳಲಿ.

ಇಬ್ಬರ ಹೆಸರಿನಲ್ಲಿ ಕೊಂಡ ಫ್ಲ್ಯಾಟು, ಅದರ ಮೇಲಿನ ಗೃಹಸಾಲ ಈಗಿನ ದಂಪತಿಗಳಿಗೆ ದೊಡ್ಡ ಗಂಟು. ‘ಸಾಲ ಇನ್ನು ಗಂಡನದು’ ಎಂದು ನೀವಿಬ್ಬರೂ ಬರೆದುಕೊಂಡರೆ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಸಾಲದ ಕರಾರಿನಲ್ಲಿ ಸಹಿ ಇರುವವರೆಗೂ ಕಂತು ತಪ್ಪಿದರೆ ಇಬ್ಬರನ್ನೂ ಕೇಳುತ್ತಾರೆ. ಒಬ್ಬರ ಹೆಸರು ತೆಗೆಸಲು ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಅದನ್ನು ಮೊದಲೇ ತಂದಿಟ್ಟುಕೊಳ್ಳಿ. ಮನೆಯ ಪಾಲನ್ನು ಬಿಟ್ಟುಕೊಡುವುದಾದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಾಯಿಸಬೇಕು. ಇದನ್ನು ಡಿಕ್ರಿಗೆ ಮೊದಲೇ ಮಾಡುವುದು ಜಾಣತನ: ಕರ್ನಾಟಕದಲ್ಲಿ ಗಂಡ-ಹೆಂಡಿರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಡಿಕ್ರಿಯಾದ ಮರುದಿನ ಆ ಸಂಬಂಧವೇ ಇರುವುದಿಲ್ಲ.

ಕೊನೆಯದಾಗಿ, ಇಬ್ಬರ ನಡುವೆ ಈಗಾಗಲೇ ಇರುವ ಕೇಸುಗಳು. ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ, ಜೀವನಾಂಶದ ಅರ್ಜಿ ಇದ್ದರೆ ಕೇಸಿನ ನಂಬರ್ ಸಮೇತ ಬರೆದು ಯಾರು ಯಾವಾಗ ಹಿಂದಕ್ಕೆ ಪಡೆಯುತ್ತಾರೆ ಎಂದು ಹೇಳಬೇಕು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಮೇಲಿನ 498ಎ ಕೇಸು (2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85) ಮಾತ್ರ ಹಾಗೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದು ರಾಜಿಯಾಗತಕ್ಕ ಅಪರಾಧವಲ್ಲ. ರಾಜಿ ಪತ್ರ ಹಿಡಿದು ಹೈಕೋರ್ಟಿಗೇ ಹೋಗಿ ರದ್ದುಪಡಿಸಿಕೊಳ್ಳಬೇಕು, ನಿಮ್ಮ ಜಿಲ್ಲೆ ನೋಡಿಕೊಂಡು ಬೆಂಗಳೂರು, ಧಾರವಾಡ ಇಲ್ಲವೆ ಕಲಬುರಗಿ ಪೀಠಕ್ಕೆ. ಅಲ್ಲಿ ದೂರು ಕೊಟ್ಟ ಹೆಂಡತಿ ಸಹಕರಿಸಬೇಕಾಗುತ್ತದೆ. ಆದ್ದರಿಂದ ಆ ಸಹಕಾರದ ಮಾತೂ ಒಪ್ಪಂದದಲ್ಲಿರಲಿ.

ಹಣ ಕೊಡುವ ಕ್ರಮದಲ್ಲಿ ಇಬ್ಬರಿಗೂ ಭಯವಿರುತ್ತದೆ. ಪೂರ್ತಿ ಕೊಟ್ಟ ಮೇಲೆ ಆಕೆ ಒಪ್ಪಿಗೆ ಹಿಂದೆಗೆದರೆ ಎಂದು ಅವನಿಗೆ, ಡಿಕ್ರಿಯಾದ ಮೇಲೆ ಕೊಡದಿದ್ದರೆ ಎಂದು ಅವಳಿಗೆ. ವಕೀಲರು ಕಂಡುಕೊಂಡಿರುವ ದಾರಿ ಹಂಚಿ ಕೊಡುವುದು. ಅರ್ಜಿ ಹಾಕುವ ದಿನ ಒಂದು ಭಾಗ, ಇಬ್ಬರೂ ಕೋರ್ಟಿನಲ್ಲಿ ಕೊನೆಯ ಹೇಳಿಕೆ ಕೊಡುವ ದಿನ ನ್ಯಾಯಾಧೀಶರ ಎದುರಿಗೇ ಉಳಿದದ್ದು, ಡಿಡಿಯ ಮೂಲಕ. ಡಿಡಿಯ ನಕಲನ್ನು ಮೆಮೋ ಜೊತೆ ಕಡತಕ್ಕೆ ಸೇರಿಸುತ್ತಾರೆ, ಪಡೆದವರು ಅಲ್ಲೇ ಸಹಿ ಮಾಡುತ್ತಾರೆ. ನಗದು ಬೇಡ.

ಒಬ್ಬರೇ ವಕೀಲರು ಇಬ್ಬರ ಪರವಾಗಿ ಜಂಟಿ ಅರ್ಜಿ ಸಿದ್ಧಪಡಿಸುವುದುಂಟು, ಖರ್ಚೂ ಕಡಿಮೆ. ಮಕ್ಕಳೂ ಆಸ್ತಿಯೂ ಇಲ್ಲದಿದ್ದರೆ ಅದು ಸಾಕು. ಇದ್ದರೆ, ಸಹಿ ಹಾಕುವ ಮುನ್ನ ಪತ್ರವನ್ನು ಬೇರೆ ವಕೀಲರಿಂದ ಒಮ್ಮೆ ಓದಿಸಿ. ಶುಲ್ಕದ ಚಿಂತೆ ಇರುವ ಹೆಣ್ಣುಮಕ್ಕಳಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ತಾಲ್ಲೂಕು ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಇಲ್ಲವೆ 15100ಕ್ಕೆ ಕರೆ ಮಾಡಬಹುದು.

ಅರ್ಜಿಯಿಂದ ಡಿಕ್ರಿಯವರೆಗೆ

ಅರ್ಜಿಯನ್ನು ಮದುವೆ ನಡೆದ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು ಅಥವಾ ಹೆಂಡತಿ ಈಗಿರುವ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಬೆಂಗಳೂರಿನವರಿಗೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಇಬ್ಬರ ಆಧಾರ್, ಭಾವಚಿತ್ರ, ಮದುವೆ ನೋಂದಣಿಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರದ ಜೊತೆಗೆ ಮದುವೆಯ ಒಂದು ಫೋಟೊ ಮತ್ತು ಲಗ್ನಪತ್ರಿಕೆ ಹುಡುಕಿಟ್ಟುಕೊಳ್ಳಿ. ನೋಂದಣಿ ಮಾಡಿಸದವರಿಗೆ ಮದುವೆ ನಡೆದದ್ದಕ್ಕೆ ಇವೇ ಪುರಾವೆ. ಮೂಲೆಗೆ ಅರಿಶಿನ ಹಚ್ಚಿದ ಆ ಪತ್ರಿಕೆಯ ಮೇಲೆ ಬೆಂಚ್ ಕ್ಲರ್ಕ್ ‘ನಿಶಾನೆ ಪಿ-1’ ಎಂದು ಗುರುತು ಹಾಕುವಾಗ ತುಂಬ ಜನ ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ದಿನ ಜೊತೆಗೆ ಒಬ್ಬ ಅಕ್ಕನೋ ಗೆಳತಿಯೋ ಗೆಳೆಯನೋ ಇರಲಿ.

ಅರ್ಜಿಗೆ ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಬೀಳುತ್ತದೆ. ಇಬ್ಬರನ್ನೂ ಒಮ್ಮೆ ಕೂಡಿಸಿ ಮಾತನಾಡಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ. ಆಪ್ತಸಮಾಲೋಚಕರ ಅಥವಾ ಮಧ್ಯಸ್ಥಿಕೆ ಕೇಂದ್ರದ ಬಳಿ ಕಳಿಸುತ್ತಾರೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವೂ ನ್ಯಾಯ ದೇಗುಲದಲ್ಲೇ ಇದೆ, 2007ರಿಂದ ಕೆಲಸ ಮಾಡುತ್ತಿದೆ. ಇದನ್ನು ಬರೀ ಶಾಸ್ತ್ರ ಎಂದು ತಳ್ಳಿಹಾಕಬೇಡಿ. ಕೂಡಿ ಬಾಳುವ ಮಾತು ಫಲಿಸದಿದ್ದರೂ, ಒಪ್ಪಂದದಲ್ಲಿ ಅರ್ಧಕ್ಕೆ ನಿಂತ ಭೇಟಿಯ ವೇಳೆ, ಒಡವೆಯ ಪಟ್ಟಿ ಇಂಥವು ಅಲ್ಲಿ ಬಗೆಹರಿಯುತ್ತವೆ. ಕ್ರೌರ್ಯದ ಆರೋಪದ ಮೇಲೆ ವರ್ಷಗಟ್ಟಲೆ ನಡೆದ ದಾವೆಗಳೂ ಅಲ್ಲಿಯೇ ಒಪ್ಪಿಗೆಯ ಅರ್ಜಿಯಾಗಿ ತಿರುಗುವುದುಂಟು.

ಇಬ್ಬರ ಮೊದಲ ಹೇಳಿಕೆ ಆದ ಮೇಲೆ ಕಾಯುವಿಕೆ. ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ‘ನಮ್ಮ ನಿರ್ಧಾರ ಬದಲಾಗಿಲ್ಲ’ ಎನ್ನಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆ? ಮಾಡಬಹುದು. 2017ರ ಅಮರದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯದ ಅವಧಿಯಲ್ಲ ಎಂದಿತು. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿಯ ಯತ್ನಗಳೆಲ್ಲ ಸೋತು, ಜೀವನಾಂಶ, ಮಕ್ಕಳು, ಉಳಿದ ತಕರಾರುಗಳೆಲ್ಲ ನಿಜವಾಗಿ ಇತ್ಯರ್ಥವಾಗಿದ್ದು, ಕಾಯುವುದರಿಂದ ನೋವು ಹೆಚ್ಚುವುದಷ್ಟೇ ಎಂದು ಮನವರಿಕೆಯಾದರೆ ಕುಟುಂಬ ನ್ಯಾಯಾಧೀಶರೇ ಅದನ್ನು ಮನ್ನಾ ಮಾಡಬಹುದು. ಮೊದಲ ಹೇಳಿಕೆಯಾಗಿ ಒಂದು ವಾರದ ಮೇಲೆ ಕಾರಣ ಕೊಟ್ಟು ಪ್ರತ್ಯೇಕ ಅರ್ಜಿ ಹಾಕಬೇಕು. ಇದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಿಲ್ಲ. 2023ರ ಮೇ 1ರ ಶಿಲ್ಪಾ ಶೈಲೇಶ್ ತೀರ್ಪನ್ನು ಕೇಳಿ ‘ಈಗ ನೇರ ಸುಪ್ರೀಂ ಕೋರ್ಟಿಗೆ ಹೋಗಿ ಡಿವೋರ್ಸ್ ತರಬಹುದಂತೆ’ ಎಂಬ ಮಾತು ಹಬ್ಬಿತ್ತು. ಹಾಗೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ.

ಎಲ್ಲ ಇತ್ಯರ್ಥವಾದವರು ಮನ್ನಾ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಮಗುವಿನ ವಿಷಯದಲ್ಲೋ ಮನೆಯ ವಿಷಯದಲ್ಲೋ ಇನ್ನೂ ಗೊಂದಲವಿದ್ದರೆ ಆ ಆರು ತಿಂಗಳು ನಿಮಗೆ ಬೇಕು. ಬರೆದುಕೊಂಡಂತೆ ಎರಡನೇ, ನಾಲ್ಕನೇ ಶನಿವಾರದ ಭೇಟಿ ನಡೆಯುತ್ತದೆಯೇ ಎಂದು ನಡೆಸಿ ನೋಡಿ. ಡಿಕ್ರಿಯಾಗುವ ಮೊದಲು ತಿದ್ದುವುದು ಸುಲಭ.

ಕೊನೆಯ ದಿನ ನ್ಯಾಯಾಧೀಶರು ಕೇಳುವ ಪ್ರಶ್ನೆಗಳು ಕೆಲವೇ. ಯಾರ ಒತ್ತಡವಾದರೂ ಇದೆಯೆ? ಒಪ್ಪಂದ ಓದಿದ್ದೀರಾ, ಅರ್ಥವಾಗಿದೆಯೆ? ಹಣ, ಒಡವೆ ಮುಟ್ಟಿದೆಯೆ? ಮಗು ಯಾರ ಬಳಿ ಇರುತ್ತದೆ? ಕನ್ನಡದಲ್ಲೇ ಉತ್ತರಿಸಬಹುದು. ಒಪ್ಪಂದ ಇಂಗ್ಲಿಷಿನಲ್ಲಿದ್ದು ನಿಮಗೆ ಆ ಭಾಷೆ ಸಲೀಸಾಗಿ ಬಾರದಿದ್ದರೆ ಮೊದಲೇ ಕನ್ನಡದಲ್ಲಿ ಓದಿಸಿಕೊಳ್ಳಿ. ಗೊತ್ತಿಲ್ಲದ ಕಾಗದಕ್ಕೆ ‘ಹೂಂ’ ಎನ್ನಬೇಡಿ. ಇಂಥ ವಿಚಾರಣೆ ಬಾಗಿಲು ಮುಚ್ಚಿ ನಡೆಯಲಿ ಎಂದು ಇಬ್ಬರಲ್ಲಿ ಯಾರು ಕೇಳಿದರೂ ಕೌಟುಂಬಿಕ ನ್ಯಾಯಾಲಯ ಹಾಗೆಯೇ ನಡೆಸಬೇಕು.

ಅಮೆರಿಕದಲ್ಲೋ ದುಬೈಯಲ್ಲೋ ಇರುವವರು ಪ್ರತಿ ವಾಯಿದೆಗೂ ವಿಮಾನ ಹತ್ತಬೇಕಿಲ್ಲ. ನ್ಯಾಯವಾದ ಕಾರಣವಿದ್ದರೆ ವಿಡಿಯೊ ಮೂಲಕ ಹಾಜರಾಗಲು, ತಂದೆ-ತಾಯಿಯೋ ಒಡಹುಟ್ಟಿದವರೋ ಪ್ರತಿನಿಧಿಸಲು ಅಮರದೀಪ್ ಸಿಂಗ್ ತೀರ್ಪೇ ಅವಕಾಶ ಕೊಟ್ಟಿದೆ. ಅದಕ್ಕೆ ಮುಖ್ತ್ಯಾರ್ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಲ್ಲಿನ ಕೋರ್ಟಿನಲ್ಲೇ ಡಿವೋರ್ಸ್ ಪಡೆಯುವವರು ನೆನಪಿಡಬೇಕಾದದ್ದು 1991ರ ವೈ. ನರಸಿಂಹ ರಾವ್ ತೀರ್ಪು. ಇಬ್ಬರೂ ಮನಸಾರೆ ಒಪ್ಪಿ ಆ ಕೋರ್ಟಿನ ಮುಂದೆ ನಿಂತಿದ್ದರೆ ಅದಕ್ಕೆ ಇಲ್ಲೂ ಮಾನ್ಯತೆ ಇದೆ. ಒಬ್ಬರೇ ಹೋಗಿ ತಂದದ್ದು ಇಲ್ಲಿ ನಿಲ್ಲುವುದು ಕಷ್ಟ.

ಡಿಕ್ರಿ ಬಂದ ಮೇಲೆ

ಆದೇಶ ಮತ್ತು ಡಿಕ್ರಿ ಎರಡರದ್ದೂ ದೃಢೀಕೃತ ನಕಲುಗಳನ್ನು ಒಂದಕ್ಕಿಂತ ಹೆಚ್ಚು ತೆಗೆಸಿಟ್ಟುಕೊಳ್ಳಿ. ಪಾಸ್‌ಪೋರ್ಟಿಗೆ, ಬ್ಯಾಂಕಿಗೆ, ಹೆಸರು ಬದಲಿಸಲು, ಮುಂದೆ ಮದುವೆ ನೋಂದಣಿಗೆ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಕೌಟುಂಬಿಕ ನ್ಯಾಯಾಲಯ ಇಬ್ಬರ ಒಪ್ಪಿಗೆಯ ಮೇಲೆ ಕೊಟ್ಟ ಡಿಕ್ರಿಗೆ ಮೇಲ್ಮನವಿ ಇಲ್ಲ ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. ಹಾಗಿದ್ದರೂ ಮರುಮದುವೆಯ ದಿನ ಗೊತ್ತುಮಾಡುವುದು ನಕಲು ಕೈಗೆ ಬಂದ ಮೇಲಾಗಲಿ.

ಜಂಟಿ ಖಾತೆ ಮುಚ್ಚುವುದು ಎಲ್ಲರಿಗೂ ಹೊಳೆಯುತ್ತದೆ. ನಾಮಿನಿ ಬದಲಿಸುವುದು ಮರೆತುಹೋಗುತ್ತದೆ. ಭವಿಷ್ಯನಿಧಿ, ಜೀವವಿಮೆ, ಠೇವಣಿ, ಮ್ಯೂಚುವಲ್ ಫಂಡ್, ಡಿಮ್ಯಾಟ್, ಕಂಪನಿ ಕೊಟ್ಟ ಆರೋಗ್ಯ ವಿಮೆ, ಎಲ್ಲದರಲ್ಲೂ ಮದುವೆಯ ಹೊಸದರಲ್ಲಿ ಬರೆಸಿದ ಹೆಸರೇ ಉಳಿದಿರುತ್ತದೆ. ಡಿಕ್ರಿ ಅದನ್ನು ತಾನಾಗಿ ಅಳಿಸುವುದಿಲ್ಲ. ಪ್ರತಿಯೊಂದು ಕಡೆಯೂ ಅರ್ಜಿ ಕೊಟ್ಟು ಬದಲಿಸಿ, ಬದಲಾದದ್ದಕ್ಕೆ ಸ್ವೀಕೃತಿ ಪಡೆಯಿರಿ. ಮಗುವಿನ ಶಾಲೆಗೂ ಆದೇಶದ ಒಂದು ಪ್ರತಿ ಕೊಟ್ಟು, ಯಾರು ಯಾವ ದಿನ ಕರೆದೊಯ್ಯಬಹುದು ಎಂಬುದನ್ನು ತರಗತಿಯ ಶಿಕ್ಷಕರಿಗೂ ಗೇಟಿನ ಕಾವಲುಗಾರರಿಗೂ ತಿಳಿಸಿ ಬನ್ನಿ.